ತಾಳ ತಪ್ಪಿದ ಹೆಜ್ಜೆ

ನಡೆಯುವುದನ್ನು ನಾವು ಒಂದು ಕೆಲಸವೆಂದೇ ಎಣಿಸುವುದಿಲ್ಲ. ಮಗು ಮೊದಲ ಹೆಜ್ಜೆ ಇಟ್ಟ ದಿನ ಮನೆಮಂದಿಯೆಲ್ಲ ಸಂಭ್ರಮಿಸುತ್ತೇವೆ. ಆ ಮೇಲೆ ಅದನ್ನು ಮರೆತುಬಿಡುತ್ತೇವೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಹೊಲದ ಬದುವಿನ ಮೇಲೆ, ಹಿಂದೆ ಬರುವವರೊಡನೆ ಮಾತಾಡುತ್ತ ಸಾಗುವ ಹೆಣ್ಣುಮಗಳು ತನ್ನ ಹೆಜ್ಜೆಯ ಅಳತೆಯನ್ನಾಗಲಿ, ದೇಹದ ತೂಕ ಎಡಗಾಲಿನಿಂದ ಬಲಗಾಲಿಗೆ ಜಾರುವ ಕ್ಷಣವನ್ನಾಗಲಿ ಯೋಚಿಸುವುದಿಲ್ಲ. ಆ ಲೆಕ್ಕವನ್ನೆಲ್ಲ ಮೆದುಳಿನ ಒಳಪದರಗಳು ಅವಳ ಅರಿವಿಗೆ ಬಾರದಂತೆ ನೋಡಿಕೊಳ್ಳುತ್ತವೆ. ಆ ಭಾಗಗಳು ಸವೆಯತೊಡಗಿದಾಗ ಏನಾಗುತ್ತದೆ, ಸವೆದ ಮೇಲೂ ಏನು ಉಳಿದಿರುತ್ತದೆ ಎಂಬುದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆ ನಡಿಗೆಯ ಸೀಮೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ‘ಉಘೇ ಮಾದಪ್ಪ’ ಎನ್ನುತ್ತ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರ ಸಾಲು ಇಲ್ಲಿ ಇಂದಿಗೂ ಕಾಣಸಿಗುತ್ತದೆ. ಬೇರೆ ಕಡೆ ಶುಭಕಾರ್ಯಗಳಿಗೆ ಬಿಡುವಿರುವ ಆಷಾಢದಲ್ಲೇ ಚಾಮರಾಜೇಶ್ವರನ ತೇರು ಎಳೆಯುತ್ತಾರೆ. ಹೊಸದಾಗಿ ಮದುವೆಯಾದವರು ಹಣ್ಣುಜವನ ಎಸೆಯಲು ಬರುತ್ತಾರೆ. ಇಂಥ ಊರುಗಳಲ್ಲಿ ನಡಿಗೆ ಕೆಟ್ಟವನು ಕೇವಲ ಕಾಲಿನ ಬಲವನ್ನು ಕಳೆದುಕೊಳ್ಳುವುದಿಲ್ಲ. ತೇರಿನ ಬೀದಿಯನ್ನು, ಸಂತೆಯನ್ನು, ಅರಿಶಿನದ ಹೊಲವನ್ನು, ಅರಳಿಕಟ್ಟೆಯ ಮಾತನ್ನು ಒಂದೊಂದಾಗಿ ಕಳೆದುಕೊಳ್ಳುತ್ತಾನೆ. ಕಡೆಗೆ ಅವನಿಗೆ ಉಳಿಯುವುದು ಮನೆಯ ಜಗಲಿ ಒಂದೇ.

ಇಂಥ ಕಾಯಿಲೆಗಳಲ್ಲಿ ಹೆಚ್ಚು ಮಂದಿಗೆ ಹೆಸರು ತಿಳಿದಿರುವುದು ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ೧೮೧೭ರಲ್ಲಿ ಇದನ್ನು ಕುರಿತು ಒಂದು ಸಣ್ಣ ಪ್ರಬಂಧ ಬರೆದ. ಅದರಲ್ಲಿ ಅವನು ವರ್ಣಿಸಿದ್ದು ಆರೇ ಆರು ಮಂದಿಯನ್ನು. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ಎಂದರೆ ಈ ರೋಗದ ಗುರುತು ಹಿಡಿಯಲು ಮೊದಲು ನೆರವಾದ ಲಕ್ಷಣಗಳಲ್ಲಿ ನಡಿಗೆಯೂ ಒಂದು. ನಮ್ಮ ಆಯುರ್ವೇದದಲ್ಲಿ ಇದನ್ನು ಹೋಲುವ ಸ್ಥಿತಿಗೆ ಕಂಪವಾತವೆಂಬ ಹೆಸರಿದೆ. ಕೈ ನಡುಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ; ಆದರೆ ಬಾಳನ್ನು ಕೆಡಿಸುವುದು ನಡುಕಕ್ಕಿಂತ ಹೆಚ್ಚಾಗಿ ಮೈ ಬಿಗಿಯುವುದು, ಹೆಜ್ಜೆ ಗಿಡ್ಡವಾಗುವುದು, ತಿರುಗುವಾಗ ಮುಗ್ಗರಿಸುವುದು. ಮೆದುಳಿನ ಬುಡದಲ್ಲಿ ಡೋಪಮೈನ್ ಎಂಬ ರಸವನ್ನು ತಯಾರಿಸುವ ಕಪ್ಪು ಬಣ್ಣದ ಜೀವಕೋಶಗಳು ಸಾಯುತ್ತ ಹೋಗುವುದೇ ಇದಕ್ಕೆ ಮುಖ್ಯ ಕಾರಣ.

ಇನ್ನೊಂದು ಬಗೆಯದು ಅಟಾಕ್ಸಿಯಾ. ಇಲ್ಲಿ ಕೆಡುವುದು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ವಯಸ್ಸಾದವರಿಗೇ ಬರಬೇಕೆಂದೂ ಇಲ್ಲ. ಇವರು ಕಾಲುಗಳನ್ನು ಅಗಲವಾಗಿ ಇಟ್ಟು, ಅತ್ತಿತ್ತ ವಾಲುತ್ತ ನಡೆಯುತ್ತಾರೆ, ಮಾತೂ ತೊದಲಬಹುದು. ಹೆಂಡವನ್ನು ಮುಟ್ಟದ ಮನುಷ್ಯ ಹಗಲು ಹೊತ್ತಿನಲ್ಲಿ ಬಸ್ ನಿಲ್ದಾಣದ ಮುಂದೆ ತೂರಾಡಿದರೆ ನೋಡಿದವರು ಏನೆಂದುಕೊಳ್ಳುತ್ತಾರೆಂದು ನಾನು ಹೇಳಬೇಕಾಗಿಲ್ಲ. ರೋಗದ ಜತೆಗೆ ಈ ಅಪವಾದವನ್ನೂ ಹೊರಲಾರದೆ ಎಷ್ಟೋ ಮಂದಿ ಹೊರಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ.

ಔಷಧವಿಲ್ಲವೇ ಎಂದು ತಾವು ಕೇಳಬಹುದು. ಪಾರ್ಕಿನ್ಸನ್ ಕಾಯಿಲೆಗೆ ಇದೆ. ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯನ್ನು ಎಲ್ಲರೂ ಬಲ್ಲರು. ಆ ಕಾಯಿಯ ಬೀಜದಲ್ಲಿ ಲೀವೊಡೋಪ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ೧೯೩೭ರಲ್ಲೇ ಪ್ರಕಟಿಸಿದ್ದರು. ಅದೇ ವಸ್ತುವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಬಹುದೆಂದು ಜಾರ್ಜ್ ಕೋಟ್ಜಿಯಾಸ್ ೧೯೬೭ರಲ್ಲಿ ತೋರಿಸಿದ. ಇಂದಿಗೂ ಅದೇ ಮುಖ್ಯ ಮದ್ದು. ಹಾಗೆಂದು ಬೇಲಿಯ ಬೀಜವನ್ನು ಕುಟ್ಟಿ ಕುಡಿಯುವುದು ಅಪಾಯ. ಅದರಲ್ಲಿ ಮದ್ದು ಎಷ್ಟಿದೆಯೆಂಬುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ. ಈ ಮದ್ದಿಗೂ ಒಂದು ಮಿತಿಯುಂಟು. ಬಿಗಿತವನ್ನು ಸಡಿಲಿಸಿದಷ್ಟು ಸುಲಭವಾಗಿ ಅದು ಬೀಳುವಿಕೆಯನ್ನು ತಡೆಯಲಾರದು. ಸಮತೋಲ ತಪ್ಪುವುದಕ್ಕೆ ಗುಳಿಗೆಯಿಂದ ಸಿಗುವ ಫಲ ಅಲ್ಪ. ಅಟಾಕ್ಸಿಯಾದ ಬಹುತೇಕ ಬಗೆಗಳಲ್ಲಂತೂ ಅಷ್ಟು ಪರಿಣಾಮದ ಮದ್ದೇ ಇಲ್ಲ. ಆದ್ದರಿಂದ ಉಳಿದ ದಾರಿ ಅಭ್ಯಾಸದ್ದು.

ಮೆದುಳು ಸವೆಯುತ್ತಿರುವಾಗ ಅಭ್ಯಾಸದಿಂದ ಏನಾದೀತು ಎಂಬ ಸಂಶಯ ಸಹಜವಾದದ್ದೇ. ಇದಕ್ಕೆ ಉತ್ತರ ಮೆದುಳಿನ ರಚನೆಯಲ್ಲೇ ಇದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾಳಾಗುವುದು ತಾನೇ ತಾನಾಗಿ ನಡೆಸುವ ವ್ಯವಸ್ಥೆ. ಗಮನವಿಟ್ಟು, ಹೊರಗಿನ ಒಂದು ಗುರುತನ್ನು ಹಿಡಿದು ನಡೆಯುವ ದಾರಿ ಬಹುಕಾಲ ಉಳಿದಿರುತ್ತದೆ. ಬರಿಯ ನೆಲದಲ್ಲಿ ಕಾಲು ಕಿತ್ತಿಡಲಾರದೆ ನಿಂತವನು ಅಡ್ಡಗೆರೆ ಎಳೆದ ನೆಲದಲ್ಲಿ ಗೆರೆಯಿಂದ ಗೆರೆಗೆ ದಾಟಿ ಹೋಗುವುದು ವಿಸ್ಮಯವೆನಿಸಿದರೂ ಸತ್ಯ. ಕಿವಿಗೆ ಬೀಳುವ ತಾಳವೂ ಹೀಗೆಯೇ ಕೆಲಸ ಮಾಡುತ್ತದೆ. ಮೈಕೆಲ್ ಥಾಟ್ ಮತ್ತು ಅವನ ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು ಮೂರು ವಾರ ತಮ್ಮ ಮನೆಗಳಲ್ಲೇ, ತಾಳಬದ್ಧ ಸಂಗೀತ ಕೇಳುತ್ತ ನಡೆಯುವ ಅಭ್ಯಾಸ ಮಾಡಿದರು. ಅವರ ನಡಿಗೆಯ ವೇಗ ನೂರಕ್ಕೆ ೨೫ರಷ್ಟೂ ಹೆಜ್ಜೆಯ ಉದ್ದ ನೂರಕ್ಕೆ ೧೨ರಷ್ಟೂ ಹೆಚ್ಚಿದವು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಂಸಾಳೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ದೇವರಗುಡ್ಡರು ಮಾದಪ್ಪನ ಕಥೆ ಹೇಳುತ್ತ ಅದನ್ನು ಬಡಿಯುವಾಗ ಕೇಳುವವರ ಕಾಲೂ ನೆಲವನ್ನು ತಟ್ಟುತ್ತದೆ. ಬೀಸು ಕಂಸಾಳೆಯ ಕಸರತ್ತನ್ನು ರೋಗಿಗಳು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಾಲ್ಯದಿಂದ ಕಿವಿಯಲ್ಲಿ ನೆಲೆಸಿದ ಆ ಬಡಿತಕ್ಕೆ ಹೊಂದಿಸಿ ಅಂಗಳದಲ್ಲಿ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ನಡೆಯಲು ಯಾವ ಯಂತ್ರವೂ ಬೇಕಾಗಿಲ್ಲ. ಮೊಮ್ಮಗ ಕೈತಟ್ಟಿದರೂ ಸಾಕು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ ೨೦೦೧ರಿಂದ ಈ ರೋಗಿಗಳಿಗೆ ನೃತ್ಯದ ತರಗತಿ ನಡೆಸುತ್ತ ಬಂದಿದೆ. ಅಲ್ಲಿಯವರು ತಮ್ಮ ಸಂಗೀತದಿಂದ ಮಾಡಿದ್ದನ್ನು ನಾವು ನಮ್ಮ ತಾಳದಿಂದ ಮಾಡಬಾರದೇಕೆ?

ಸಮತೋಲವನ್ನೂ ಕಲಿಸಬಹುದು. ಚೀನೀಯರ ತಾಯ್ ಚಿ ಎಂಬ ನಿಧಾನಗತಿಯ ವ್ಯಾಯಾಮವನ್ನು ಅಮೆರಿಕದಲ್ಲಿ ಪಾರ್ಕಿನ್ಸನ್ ಕಾಯಿಲೆಯವರ ಮೇಲೆ ಪರೀಕ್ಷಿಸಿದರು. ೧೯೫ ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಸಲದಂತೆ ೨೪ ವಾರ ಬೇರೆ ಬೇರೆ ವ್ಯಾಯಾಮ ಮಾಡಿಸಿದಾಗ, ತಾಯ್ ಚಿ ಕಲಿತವರ ಸಮತೋಲ ಉಳಿದೆರಡು ಗುಂಪುಗಳಿಗಿಂತ ಉತ್ತಮಗೊಂಡಿತೆಂದು ೨೦೧೨ರ ವರದಿ ಹೇಳುತ್ತದೆ. ಜರ್ಮನಿಯಲ್ಲಿ ಅಟಾಕ್ಸಿಯಾ ಇದ್ದ ೧೬ ಮಂದಿಗೆ ನಾಲ್ಕು ವಾರ ತೀವ್ರ ತರಬೇತಿ ಕೊಟ್ಟ ಫಲ ೨೦೦೯ರಲ್ಲಿ ಪ್ರಕಟವಾಯಿತು. ಅವರ ನಡಿಗೆಯೂ ಸುಧಾರಿಸಿತ್ತು. ಇನ್ನು, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಬಿ. ಕೆ. ಎಸ್. ಅಯ್ಯಂಗಾರ್ ಅವರು ಗೋಡೆ, ಹಗ್ಗ, ಕುರ್ಚಿಗಳನ್ನು ಆಸನಕ್ಕೆ ಆಸರೆಯಾಗಿ ಬಳಸಿದರು. ದುರ್ಬಲನಾದವನೂ ಬೀಳುವ ಭಯವಿಲ್ಲದೆ ಅಭ್ಯಾಸ ಮಾಡಬಹುದೆಂಬ ಆ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ಇವು ಯಾವುವೂ ರೋಗವನ್ನು ಗುಣಪಡಿಸುವುದಿಲ್ಲ. ಕೈಜಾರುತ್ತಿರುವ ಸ್ವಾತಂತ್ರ್ಯವನ್ನು ಇನ್ನಷ್ಟು ಕಾಲ ಉಳಿಸಿಕೊಡುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು ಬಹಳವಿದೆ. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಂತಾಗುವುದು ಪಾರ್ಕಿನ್ಸನ್ ಕಾಯಿಲೆಯ ಸಾಮಾನ್ಯ ಅನುಭವ. ರಂಗೋಲಿ ಹಾಕುವ ಕೈ ಅಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಅಡ್ಡಗೆರೆಯನ್ನು ಸುಣ್ಣದಲ್ಲಿ ಎಳೆದರೆ ದಾಟುವುದು ಸುಲಭವಾಗುತ್ತದೆ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು. ಎತ್ತಿನ ಗಾಡಿ ತಿರುಗುವಂತೆ ಅಗಲವಾದ ಸುತ್ತು ಹಾಕಬೇಕು. ಕುರ್ಚಿಯಿಂದ ಏಳುವ ಮುನ್ನ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಎದೆಯನ್ನು ಮುಂದಕ್ಕೆ ಬಾಗಿಸಬೇಕು. ಎದ್ದ ಮೇಲೆ ಒಂದು ಗಳಿಗೆ ನಿಂತು ಅನಂತರ ಹೆಜ್ಜೆ ಇಡಬೇಕು. ಚೊಂಬು ಹಿಡಿದು ನಡೆಯುವುದು, ನಡೆಯುತ್ತ ಮಾತಾಡುವುದು ಬೇಡ. ಬಚ್ಚಲಲ್ಲಿ ಹಿಡಿಕೆ, ರಾತ್ರಿ ಒಂದು ದೀಪ, ಕಾಲಿಗೆ ಜಾರುವ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ ಪಾದರಕ್ಷೆ: ಇವು ಅಲ್ಪವೆನಿಸಿದರೂ ತೊಡೆಯ ಮೂಳೆ ಮುರಿಯುವುದನ್ನು ತಪ್ಪಿಸಬಲ್ಲವು. ಅಭ್ಯಾಸಕ್ಕೆ ಗುಳಿಗೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ಒಳ್ಳೆಯದು; ಪಕ್ಕದಲ್ಲಿ ಒಬ್ಬರು ಇರಲೇಬೇಕು. ಆದರೆ ಅವರು ಕೈ ಹಿಡಿದು ಎಳೆಯಬಾರದು; ತಮ್ಮ ತೋಳನ್ನು ನೀಡಬೇಕು. ಯಾರಿಗೆ ಯಾವ ಅಭ್ಯಾಸ, ಎಷ್ಟು ಎಂಬುದನ್ನು ನರರೋಗ ವೈದ್ಯರಿಂದಲೂ ಫಿಜಿಯೋಥೆರಪಿ ಬಲ್ಲವರಿಂದಲೂ ಮೊದಲು ತಿಳಿದುಕೊಳ್ಳಬೇಕು.

ಇಲ್ಲಿ ಎದುರಾಗುವ ದೊಡ್ಡ ಅಡ್ಡಿ ಬಡತನವೆಂದು ಹೇಳುತ್ತಾರೆ. ದೂರವೂ ಅಡ್ಡಿಯೇ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು ೬೦ ಕಿಲೋಮೀಟರು. ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ಬಸ್ಸಿನ ಮೆಟ್ಟಿಲೇ ಹತ್ತಲಾಗದವನು ಅಲ್ಲಿಗೆ ಪದೇ ಪದೇ ಹೋಗುವುದು ಹೇಗೆ? ಚಾಮರಾಜನಗರದಲ್ಲಿ ೨೦೧೬ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು ದೊಡ್ಡ ಅನುಕೂಲ. ಆದರೂ ನಡಿಗೆಯ ಅಭ್ಯಾಸ ಪ್ರತಿದಿನದ್ದು. ಅದು ನಡೆಯಬೇಕಾದದ್ದು ಮನೆಯಂಗಳದಲ್ಲೇ.

ಬಡತನ, ದೂರಗಳ ಜತೆಗೆ ನಾನು ಕಂಡ ಮತ್ತೊಂದು ಅಡ್ಡಿ ನಮ್ಮ ಅಕ್ಕರೆ. ಅಪ್ಪ ಒಮ್ಮೆ ಬಿದ್ದರೆ ಸಾಕು, “ನೀ ಕುಂತ್ಕೊ ಕನಪ್ಪ, ನಾವ್ ನೋಡ್ಕತೀವಿ” ಎಂದು ಮಕ್ಕಳು ಅವನನ್ನು ಕೂರಿಸಿಬಿಡುತ್ತಾರೆ. ನೀರು ಕೈಗೇ ಬರುತ್ತದೆ, ಊಟ ಹಾಸಿಗೆಗೇ ಬರುತ್ತದೆ. ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಕುಳಿತವನ ತೊಡೆಯ ಸ್ನಾಯು ಸೊರಗುತ್ತದೆ, ಬೀಳುವ ಭಯ ಬೆಳೆಯುತ್ತದೆ. ಭಯ ಬೆಳೆದಷ್ಟೂ ಹೆಜ್ಜೆ ಗಿಡ್ಡವಾಗುತ್ತದೆ. ರೋಗ ನಾಲ್ಕು ವರ್ಷದಲ್ಲಿ ಕಿತ್ತುಕೊಳ್ಳಬಹುದಾದದ್ದನ್ನು ಜಗಲಿಯ ಆ ಮೂಲೆ ನಾಲ್ಕು ತಿಂಗಳಲ್ಲಿ ಕಿತ್ತುಕೊಂಡುಬಿಡಬಹುದು. ಹೆಣ್ಣುಮಕ್ಕಳ ಪಾಡು ಬೇರೆ ತೆರನಾದುದು. ಅಡುಗೆಮನೆಯ ಕೆಲಸ ನಿಧಾನವಾಯಿತೆಂದು ಗೊಣಗುವವರುಂಟು; ಅದು ಕಾಯಿಲೆಯೆಂದು ಗುರುತಿಸುವವರು ವಿರಳ.

ನಡೆಯಲು ತಡವಾಗುವವರಿಗೆ ನಾವು ಕೊಡಬಹುದಾದ ಮೊದಲ ಮದ್ದು ಸಮಯ. ಅವರು ಬಾಗಿಲಿಗೆ ಬಂದು ನಿಂತಾಗ ಹಿಂದಿನಿಂದ ಅವಸರಪಡಿಸದಿರುವುದು, ಬಸ್ಸಿನ ನಿರ್ವಾಹಕ ಇನ್ನೊಂದು ನಿಮಿಷ ಸೀಟಿ ಊದದಿರುವುದು, ತೂರಾಡುವವನನ್ನು ಕಂಡು ನಗುವ ಮುನ್ನ ಒಂದು ಕ್ಷಣ ಯೋಚಿಸುವುದು. ಊರಿನ ದೇವಸ್ಥಾನದ ಪ್ರಾಂಗಣದಲ್ಲಿ ವಾರಕ್ಕೆರಡು ಸಂಜೆ ನಾಲ್ಕು ಮಂದಿ ಇಂಥವರು ಸೇರಲಿ, ಕಂಸಾಳೆಯ ಒಬ್ಬ ಕಲಾವಿದ ನಿಧಾನವಾಗಿ ತಾಳ ಹಾಕಲಿ, ಮನೆಯವರು ಪಕ್ಕದಲ್ಲಿ ನಿಲ್ಲಲಿ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಮನಸ್ಸು. ಬರುವ ಆಷಾಢದಲ್ಲಿ ಅವರಲ್ಲೊಬ್ಬರು ಮಗನ ತೋಳು ಹಿಡಿದು ತೇರಿನ ಬೀದಿಯ ತುದಿಯವರೆಗೆ ನಡೆದು ಬಂದರೆ, ಆ ಅಭ್ಯಾಸ ಸಾರ್ಥಕವಾದಂತೆಯೇ.