ಹಗಲಲ್ಲಿ ಚಡ್ಡಿ ಒದ್ದೆಯಾದಾಗ

ಹೆಚ್ಚಿನ ಮಕ್ಕಳು 4 ವರ್ಷದ ಹೊತ್ತಿಗೆ ಹಗಲಿನಲ್ಲಿ ಮೂತ್ರದ ಹಿಡಿತ ಕಲಿಯುತ್ತಾರೆ. 5 ದಾಟಿದ ಮೇಲೂ ಚಡ್ಡಿ ಪದೇ ಪದೇ ಒದ್ದೆಯಾದರೆ ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಆಟದ ಗುಂಗಿನಲ್ಲೋ ಶಾಲೆಯ ಶೌಚಾಲಯಕ್ಕೆ ಹೇಸಿಯೋ ಮಗು ಮೂತ್ರ ತಡೆದುಕೊಳ್ಳುತ್ತದೆ. ಮಲಬದ್ಧತೆಯಿದ್ದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರದ ಸೋಂಕೂ ಕಾರಣವಾಗಬಹುದು.

2-3 ಗಂಟೆಗೊಮ್ಮೆ ಅವಸರವಿಲ್ಲದೆ ಮೂತ್ರಕ್ಕೆ ಹೋಗುವ ರೂಢಿ ಬಹಳ ನೆರವಾಗುತ್ತದೆ. ಕುಡಿಯುವ ನೀರನ್ನು ಕಡಿಮೆ ಮಾಡಬಾರದು; ಮಲಬದ್ಧತೆ ಆಗದಂತೆ ಹಣ್ಣು, ಸೊಪ್ಪು, ತರಕಾರಿ ಊಟದಲ್ಲಿರಬೇಕು. ಕೇಳಿದ ಕೂಡಲೇ ಹೊರಗೆ ಕಳುಹಿಸುವ ಶಿಕ್ಷಕರು, ಚೀಲದಲ್ಲಿ ಇನ್ನೊಂದು ಚಡ್ಡಿ ಇದ್ದರೆ ಮಗುವಿನ ಮಾನ ಉಳಿಯುತ್ತದೆ. ಬೈಗುಳದಿಂದ ಭಯ ಹೆಚ್ಚುತ್ತದೆ, ಹಿಡಿತವಲ್ಲ. ಉರಿಮೂತ್ರ, ಜ್ವರ, ಅತಿಯಾದ ಬಾಯಾರಿಕೆ ಕಂಡರೆ, ಅಥವಾ 6 ತಿಂಗಳು ಸರಿಯಿದ್ದು ಮತ್ತೆ ಶುರುವಾದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.