ಒಳಗಿನ ಗಾಯ ಮಾಯಲು ಬಿಡಿ



ತೂಕ ಇಳಿಸುವ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಶೇ. 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಸ್ಟೇಪಲ್ ಪಿನ್ನುಗಳಿಂದ ಉದ್ದಕ್ಕೂ ಮುಚ್ಚುತ್ತಾರೆ. ಹೊಟ್ಟೆಯ ಮೇಲಿನ ಗಾಯ ಬೇಗ ಒಣಗುತ್ತದೆ. ಒಳಗಿನದು ಮಾಯಲು ವಾರಗಳೇ ಬೇಕು. ಅದಕ್ಕೇ ಮೊದಲು ದ್ರವಾಹಾರ, ಆಮೇಲೆ ನುಣ್ಣಗೆ ಅರೆದದ್ದು, ನಂತರ ಮೆತ್ತನೆಯದು. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೇ ಹೋಗಿರುವುದರಿಂದ ಹಸಿವೂ ಕಡಿಮೆ. ಆದರೆ ನಮ್ಮ ಮನೆಗಳ ಪ್ರೀತಿ ನಿಮಗೆ ಗೊತ್ತಲ್ಲ! “ಸೊರಗಿ ಹೋಗಿದ್ದೀಯ, ಎರಡು ತುತ್ತು ಬಿರಿಯಾನಿ ತಿನ್ನು” ಎನ್ನುತ್ತೇವೆ. ದಯವಿಟ್ಟು ಒತ್ತಾಯಿಸಬೇಡಿ. ಗುಟುಕು ಗುಟುಕಾಗಿ ನೀರು ಕೊಡಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಬೇಡ, ಸಿಗರೇಟಂತೂ ಬೇಡವೇ ಬೇಡ. ಜ್ವರ, ಏರಿದ ನಾಡಿಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು, ಎಡಭುಜದ ನೋವು ಕಂಡರೆ ಒಳಗೆ ಸೋರಿಕೆ ಇರಬಹುದು. ‘ಗ್ಯಾಸ್’ ಎಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.