ಶ್ರುತಭಂಡಾರದ ರಕ್ಷಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮ್ಯಾಟ್ರಿಕ್ ಮುಗಿಸಿ ಇಳಕಲ್ಲಿನ ಸೀರೆಯ ವ್ಯಾಪಾರದಲ್ಲಿ ತೊಡಗಿದವನು. ಆದುದರಿಂದ ಶಾಸ್ತ್ರದ ಒಳಗಣ ವಿಷಯವನ್ನು ಬಲ್ಲವರಿಗೆ ಬಿಟ್ಟು, ಶಾಸ್ತ್ರಗ್ರಂಥಗಳನ್ನು ಕಾಪಾಡುವ ಬಗೆಗೆ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮದು ಕಲ್ಲಿನ ಸೀಮೆ. ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆಯಿಸಿದ ಶಾಸನವು ಇಂದಿಗೂ ನಿಂತಿದೆ. ಓಲೆಗರಿಗೆ ಆ ಆಯುಷ್ಯವಿಲ್ಲ. ಅದನ್ನು ನೋಡಿಕೊಳ್ಳುವವರಿರಬೇಕು, ಜೀರ್ಣವಾಗುವ ಮುನ್ನ ಪ್ರತಿ ಮಾಡುವವರಿರಬೇಕು.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಮಾತ್ರ ಉಳಿದಿತ್ತು. ಯಾತ್ರಿಕರು ದರ್ಶನ ಪಡೆದು ಕೈಮುಗಿದು ಬರುತ್ತಿದ್ದರು; ಓದುವವರು ವಿರಳ. ಭಕ್ತಿಯಿಂದ ಆ ಗ್ರಂಥ ಶತಮಾನಗಳ ಕಾಲ ಕೈತಪ್ಪದೆ ಉಳಿಯಿತೆಂಬುದು ನಿಜ. ಆದರೆ ಗರಿಯ ಅಂಚು ಪುಡಿಯಾಗುವುದನ್ನು ಭಕ್ತಿಯೊಂದೇ ತಡೆಯಲಾರದು. ಸೊಲ್ಲಾಪುರದ ಸೇಠ ಹಿರಾಚಂದ ನೇಮಚಂದ ಹಾಗೂ ಮುಂಬಯಿಯ ಸೇಠ ಮಾಣಿಕಚಂದ, ಇಬ್ಬರೂ ನಮ್ಮಂತೆ ವ್ಯಾಪಾರಿಗಳೇ, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಮನಗಂಡು ಪ್ರತಿ ಮಾಡಿಸುವ ಕಾರ್ಯಕ್ಕೆ ಮುಂದಾದರು. 1939ರಲ್ಲಿ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮೊದಲ ಸಂಪುಟವು ಹೊರಬಂದಿತು. ಒಟ್ಟು 16 ಸಂಪುಟಗಳಾದವು. ಪಂ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾಯಿತು. ನನ್ನ ದೃಷ್ಟಿಯಲ್ಲಿ ಇದೂ ಸಣ್ಣ ಸೇವೆಯಲ್ಲ. ಅಂಗಡಿಯ ಮಾಲಿಗೆ ಯಾದಿ ಇಲ್ಲದವನು ಏನು ಕಳೆದುಕೊಂಡೆನೆಂಬುದನ್ನೂ ಅರಿಯನು.

ಇನ್ನು ನಮ್ಮ ಮನೆಗಳ ಮಾತು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಓಣಿಗಳವರು ನವನಗರಕ್ಕೆ ಹೋಗಬೇಕಾಯಿತು. ಮನೆ ಬಿಡುವಾಗ ಪಾತ್ರೆಯನ್ನು ಎಣಿಸುತ್ತೇವೆ, ಕಾಗದವನ್ನು ರದ್ದಿಗೆ ಹಾಕುತ್ತೇವೆ. ಅಜ್ಜಂದಿರ ಖಿರ್ದಿ ಪುಸ್ತಕಗಳ ಜೊತೆಗೆ ಪೂಜಾವಿಧಾನದ ಕೈಬರಹಗಳೂ ಹೋಗುವುದು ಹೀಗೆಯೇ.

ಜ್ಯೇಷ್ಠ ಶುದ್ಧ ಪಂಚಮಿಯು ನಮಗೆ ಶ್ರುತಪಂಚಮಿ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವೇಷ್ಟನ ಕಟ್ಟುವುದು ಪದ್ಧತಿ. ಮಳೆಗಾಲದ ತೇವ ಏರುವ ಹೊತ್ತಿಗೇ ಈ ದಿನ ಬರುವುದನ್ನು ಗಮನಿಸಿರಿ. ಈಗ ಎಷ್ಟೋ ಕಡೆ ಕಟ್ಟನ್ನು ಬಿಚ್ಚದೆಯೇ ಗಂಧಾಕ್ಷತೆ ಏರಿಸಿ ಮರಳಿ ಕಪಾಟಿನಲ್ಲಿಡುತ್ತೇವೆ. ಒಳಗೆ ಹುಳ ಬಿದ್ದರೆ ತಿಳಿಯುವುದೆಂತು? ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಅಲ್ಲಿಯೇ ಸೀಳುವುದನ್ನು ತಾಯಂದಿರು ಬಲ್ಲರು. ಗ್ರಂಥಕ್ಕೂ ಅದೇ ಎಚ್ಚರ ಬೇಕು. ಗರಿಗಳನ್ನು ಬಿಸಿಲಿಗೆ ಹರವದೆ ನೆರಳಿನಲ್ಲಿ ಗಾಳಿಗಿಡಬೇಕು. ದಾರ ಬಹಳ ಬಿಗಿದರೆ ರಂಧ್ರದ ಅಂಚು ಹರಿಯುವುದು, ಸಡಿಲವಾದರೆ ಧೂಳು ಸೇರುವುದು. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಲೇಬಾರದು. ಒಣಗಿದ ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು. ವೇಷ್ಟನದ ಬಟ್ಟೆಯ ವಿಷಯ ನನ್ನ ಕಸುಬಿನದು: ಬಣ್ಣವಿಲ್ಲದ ಹತ್ತಿಯದಾಗಿರಲಿ, ಗಂಜಿಯನ್ನು ತೊಳೆದು ತೆಗೆದಿರಲಿ, ಗಂಜಿಗೆ ಹುಳ ಬರುತ್ತದೆ.

ಈ ನೂತನ ಬಸದಿಯಲ್ಲಿ ಗೋಡೆಗೆ ತಾಗದಂತೆ, ದೀಪದಿಂದ ದೂರವಾಗಿ ಒಂದು ಕಪಾಟು ಇಡಬೇಕೆಂದು ಸಮಿತಿಯವರಲ್ಲಿ ಪ್ರಾರ್ಥನೆ. ಬರುವ ಶ್ರುತಪಂಚಮಿಗೆ ತಮ್ಮ ತಮ್ಮ ಮನೆಯ ಕಟ್ಟುಗಳನ್ನು ತನ್ನಿರಿ. ಒಡೆತನ ನಿಮ್ಮದೇ, ನಾವು ಹೆಸರು, ಗರಿಗಳ ಸಂಖ್ಯೆ ಬರೆದುಕೊಂಡು ಚಿತ್ರ ತೆಗೆದು ಹಿಂದಿರುಗಿಸುವೆವು. ವೇಷ್ಟನಕ್ಕೆ ಬೇಕಾಗುವಷ್ಟು ಬಟ್ಟೆ ನನ್ನ ಅಂಗಡಿಯಿಂದ ಬರುವುದು.